ಹಳೆಯ ತಂತ್ರಾಂಶ, ಹೊಸ ವಿಂಡೋಸ್

ಸಭಿಕರೆಲ್ಲರಿಗೂ ನಮಸ್ಕಾರ.

ಹೊಸ ಕಂಪ್ಯೂಟರಿನಲ್ಲಿ ಹಳೆಯ ಪ್ರೋಗ್ರಾಂ ತೆರೆಯದಿದ್ದರೆ ‘ಅದರ ಕಾಲ ಮುಗಿಯಿತು ಬಿಡಿ’ ಎನ್ನುವುದು ರೂಢಿ. ಆದರೆ ಫೈಲಿನೊಳಗಿನ ಸೂಚನೆಗಳು ಇಪ್ಪತ್ತೈದು ವರ್ಷಗಳ ಹಿಂದೆ ಹೇಗಿದ್ದವೋ ಇಂದಿಗೂ ಹಾಗೆಯೇ ಇವೆ. ಅದನ್ನು ಬರೆದವರು ತಮ್ಮ ಕಾಲದ ಯಂತ್ರದ ಬಗ್ಗೆ ಕೆಲವು ಸಂಗತಿಗಳನ್ನು ಎಲ್ಲೂ ಬಾಯಿಬಿಟ್ಟು ಹೇಳದೆ ನಂಬಿಕೊಂಡಿದ್ದರು. ಅವುಗಳಲ್ಲಿ ಯಾವುದೋ ಒಂದು ಈಗ ಸುಳ್ಳಾಗಿದೆ. ಅದು ಯಾವುದೆಂದು ತಿಳಿಯದೆ ಪರಿಹಾರಕ್ಕೆ ಕೈಹಾಕುವುದು ಕತ್ತಲಲ್ಲಿ ಕಲ್ಲು ಬೀರಿದಂತೆ.

ಮೊದಲು ನೋಡಬೇಕಾದದ್ದು ಪ್ರೋಗ್ರಾಂ ಎಷ್ಟು ಬಿಟ್‌ನದು, ಅಂದರೆ ಒಮ್ಮೆಗೆ ಎಷ್ಟು ಸೊನ್ನೆ-ಒಂದುಗಳ ಉದ್ದದ ಸಂಖ್ಯೆಯನ್ನು ನಿಭಾಯಿಸುವಂತೆ ಬರೆದದ್ದು ಎಂಬುದನ್ನು. ವಿಂಡೋಸ್‌ಗೂ ಮೊದಲಿನ, ಆಜ್ಞೆಗಳನ್ನು ಟೈಪಿಸಿ ನಡೆಸುತ್ತಿದ್ದ ಡಾಸ್ ಮತ್ತು ವಿಂಡೋಸ್ 3.1ರ ಕಾಲದವು ಬಹುಮಟ್ಟಿಗೆ 16 ಬಿಟ್‌ನವು. 1993ರ ವಿಂಡೋಸ್ ಎನ್‌ಟಿಯಿಂದ ಹಿಡಿದು ವಿಂಡೋಸ್ 10ರ 32 ಬಿಟ್ ಆವೃತ್ತಿಯವರೆಗೆ ಇವುಗಳಿಗಾಗಿಯೇ ಎನ್‌ಟಿವಿಡಿಎಂ ಎಂಬ ವ್ಯವಸ್ಥೆಯಿತ್ತು. 64 ಬಿಟ್ ವಿಂಡೋಸ್‌ನಲ್ಲಿ ಅದಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಇದು ತಯಾರಕರ ಹಟವೇನಲ್ಲ. ಪ್ರೊಸೆಸರ್ 64 ಬಿಟ್ ಸ್ಥಿತಿಯಲ್ಲಿರುವಾಗ, ಡಾಸ್ ಪ್ರೋಗ್ರಾಂಗಳು ಆತುಕೊಂಡಿದ್ದ ವರ್ಚುವಲ್ 8086 ಸ್ಥಿತಿ (ಹಳೆಯ 8086 ಪ್ರೊಸೆಸರಿನಂತೆ ನಟಿಸುವ ಸ್ಥಿತಿ) ಅದರಲ್ಲಿ ಲಭ್ಯವೇ ಇರುವುದಿಲ್ಲ. ಹಳೆಯ ವಿಂಡೋಸ್ ಪ್ರೋಗ್ರಾಂಗಳ ತೊಡಕು ಬೇರೆ: ತೆರೆದ ಪ್ರತಿಯೊಂದು ವಿಂಡೋಗೂ ವ್ಯವಸ್ಥೆ ಕೊಡುವ ಗುರುತಿನ ಸಂಖ್ಯೆ ಈಗ 32 ಬಿಟ್‌ಗಳಷ್ಟು ಉದ್ದವಿದ್ದು, ಅದನ್ನು ಕತ್ತರಿಸದೆ 16 ಬಿಟ್‌ನ ಜಾಗದಲ್ಲಿ ತುರುಕಲಾಗದು. ಹೀಗಾಗಿ ಇಲ್ಲಿ ಸೆಟ್ಟಿಂಗ್ ಬದಲಿಸಿ ಪ್ರಯೋಜನವಿಲ್ಲ, ಅನುಕರಣೆ, ಅಂದರೆ ಹಳೆಯ ಯಂತ್ರವನ್ನೇ ತಂತ್ರಾಂಶದಲ್ಲಿ ನಟಿಸುವುದೊಂದೇ ದಾರಿ.

ಡಾಸ್ ಪ್ರೋಗ್ರಾಂಗಳಿಗೆ ಡಾಸ್‌ಬಾಕ್ಸ್ ಎಂಬ ಅನುಕರಣೆಯ ತಂತ್ರಾಂಶ ಇದೆ. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಪ್ರೋಗ್ರಾಂ ಬರೆಯಲು ಬಳಸುವ ಡಾಸ್ ಕಾಲದ ಟರ್ಬೋ ಸಿ ಇನ್ನೂ ಉಸಿರಾಡುತ್ತಿರುವುದು ಅದರ ಕೃಪೆಯಿಂದ (ಉಸಿರಾಡಬೇಕೇ ಎಂಬುದು ಬೇರೆ ಚರ್ಚೆ). ಅದು ಪ್ರೊಸೆಸರನ್ನೇ ಅನುಕರಿಸುವುದರಿಂದ ವೇಗವನ್ನು ಬೇಕಾದಂತೆ ತಗ್ಗಿಸಬಹುದು, ಮತ್ತು ಕೆಲವೊಮ್ಮೆ ತಗ್ಗಿಸಲೇಬೇಕು. ಅದೇ ಬಗೆಯ ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು ಆರಂಭದಲ್ಲೇ, ಸುಮಾರು 55 ಮಿಲಿಸೆಕೆಂಡಿನಲ್ಲಿ ಯಂತ್ರ ಎಷ್ಟು ಸುತ್ತು ಹಾಕುತ್ತದೆಂದು ಎಣಿಸಿ, ಒಂದು ಮಿಲಿಸೆಕೆಂಡಿಗೆ ಎಷ್ಟು ಸುತ್ತೆಂದು ತಿಳಿಯಲು ಆ ಎಣಿಕೆಯನ್ನು 55ರಿಂದ ಭಾಗಿಸುತ್ತಿದ್ದವು. ಪ್ರೊಸೆಸರ್ ವೇಗ 200 ಮೆಗಾಹರ್ಟ್ಸ್ ಆಸುಪಾಸಿಗೆ ಬಂದಾಗ ಭಾಗಲಬ್ಧ 16 ಬಿಟ್‌ನಲ್ಲಿ ಹಿಡಿಯದಾಯಿತು; ‘ರನ್‌ಟೈಮ್ ಎರರ್ 200’ ಎಂದು ಪ್ರೋಗ್ರಾಂ ನಿಂತುಬಿಡುತ್ತಿತ್ತು. ಯಂತ್ರ ಇಷ್ಟು ಚುರುಕಾಗಬಹುದೆಂದು ಬರೆದವರಿಗೆ ಹೊಳೆದಿರಲಿಲ್ಲ, ಅಷ್ಟೆ. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಮತ್ತು ಎಫ್11 ಒತ್ತಿದರೆ ವೇಗ ಇಳಿಯುತ್ತದೆ.

32 ಬಿಟ್ ಪ್ರೋಗ್ರಾಂಗಳ ಕಥೆ ಇನ್ನೂ ಸ್ವಾರಸ್ಯಕರ, ಏಕೆಂದರೆ ಅವು ಓಡುತ್ತವೆ, ಆದರೆ ವಿಚಿತ್ರವಾಗಿ ವರ್ತಿಸುತ್ತವೆ. ವಿಂಡೋಸ್ 98ರ ಕಾಲದ ಲೆಕ್ಕಪತ್ರದ ಪ್ರೋಗ್ರಾಂ ತನ್ನ ದತ್ತಾಂಶವನ್ನು ತಾನಿರುವ ಫೋಲ್ಡರಿನಲ್ಲೇ ಬರೆಯುತ್ತಿತ್ತು. ವಿಂಡೋಸ್ ವಿಸ್ತಾದಿಂದೀಚೆಗೆ, ಪ್ರೋಗ್ರಾಂಗಳು ಸಾಮಾನ್ಯವಾಗಿ ಸ್ಥಾಪನೆಯಾಗುವ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನ ಒಳಗೆ ಬರೆಯಲು ಸಾಮಾನ್ಯ ಬಳಕೆದಾರನಿಗೆ ಅನುಮತಿಯಿಲ್ಲ. ಪ್ರೋಗ್ರಾಂ ಸೋಲಬಾರದೆಂದು ವಿಂಡೋಸ್ ಆ ಬರಹವನ್ನು ಸದ್ದಿಲ್ಲದೆ ಬಳಕೆದಾರನ ಖಾತೆಯೊಳಗಿನ ‘ವರ್ಚುವಲ್‌ಸ್ಟೋರ್’ ಎಂಬ ಫೋಲ್ಡರಿಗೆ ತಿರುಗಿಸುತ್ತದೆ. ಕೆಲಸವೇನೋ ಸಾಗುತ್ತದೆ. ಆದರೆ ಒಂದು ದಿನ ಯಾರೋ ಅದೇ ಪ್ರೋಗ್ರಾಂ ಅನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದರೆ ತಿರುವು ರದ್ದಾಗಿ, ಅದು ಮೂಲ ಫೋಲ್ಡರಿನ ಹಳೆಯ ಫೈಲನ್ನು ಓದುತ್ತದೆ. ವರ್ಷವಿಡೀ ಬರೆದ ಲೆಕ್ಕ ಮಾಯವಾದಂತೆ ಕಾಣುತ್ತದೆ. ಬೇರೊಬ್ಬರ ಖಾತೆಯಿಂದ ತೆರೆದರೂ ಅದೇ ಗಾಬರಿ. ಲೆಕ್ಕ ಎಲ್ಲಿಗೂ ಹೋಗಿರುವುದಿಲ್ಲ, ವರ್ಚುವಲ್‌ಸ್ಟೋರ್‌ನಲ್ಲಿ ಕುಳಿತಿರುತ್ತದೆ. ಇಂಥ ಪ್ರೋಗ್ರಾಂಗಳನ್ನು ಪ್ರೋಗ್ರಾಂ ಫೈಲ್ಸ್‌ನ ಹೊರಗೆ, ಬಳಕೆದಾರರಿಗೆ ಬರೆಯುವ ಅನುಮತಿಯಿರುವ ಪ್ರತ್ಯೇಕ ಫೋಲ್ಡರಿನಲ್ಲಿ ಸ್ಥಾಪಿಸಿದರೆ ಈ ಪ್ರಸಂಗವೇ ಬರುವುದಿಲ್ಲ.

ಪ್ರೋಗ್ರಾಂ ಫೈಲಿನ ಪ್ರಾಪರ್ಟೀಸ್‌ನಲ್ಲಿರುವ ‘ಕಂಪ್ಯಾಟಿಬಿಲಿಟಿ’ ಪುಟ ಮಾಡುವುದು ಮುಖ್ಯವಾಗಿ ಒಳ್ಳೆಯ ಉದ್ದೇಶದ ಸುಳ್ಳನ್ನು: ಇದು ಹಳೆಯ ವಿಂಡೋಸ್ ಎಕ್ಸ್‌ಪಿಯೇ ಎಂದು ಪ್ರೋಗ್ರಾಂ ಅನ್ನು ನಂಬಿಸುತ್ತದೆ. ಆವೃತ್ತಿಯನ್ನು ತಪ್ಪಾಗಿ ತಪಾಸಿಸುವ ಪ್ರೋಗ್ರಾಂಗಳು ಎಷ್ಟಿದ್ದವೆಂದರೆ, ವಿಂಡೋಸ್ 7 ತನ್ನೊಳಗೆ 7.0 ಎನ್ನದೆ, ವಿಸ್ತಾದ 6.0ರ ಮುಂದುವರಿಕೆಯಂತೆ 6.1 ಎಂದೇ ಹೇಳಿಕೊಂಡಿತು. ಈ ಪುಟ ಆವೃತ್ತಿಯ ತಕರಾರಿಗೆ ಮದ್ದೇ ಹೊರತು, 16 ಬಿಟ್‌ನ ತೊಡಕಿಗಾಗಲಿ ಹೊಸ ಡ್ರೈವರೇ (ಯಂತ್ರಾಂಶವನ್ನು ವಿಂಡೋಸ್‌ಗೆ ಜೋಡಿಸುವ ತಂತ್ರಾಂಶ) ಇಲ್ಲದ ಹಳೆಯ ಯಂತ್ರಾಂಶಕ್ಕಾಗಲಿ ಅಲ್ಲ.

ಇದ್ಯಾವುದೂ ಫಲಿಸದಿದ್ದರೆ ತಂತ್ರಾಂಶದಿಂದ ಕಟ್ಟಿದ ವರ್ಚುವಲ್ ಯಂತ್ರದೊಳಗೆ ಇಡೀ ಎಕ್ಸ್‌ಪಿಯನ್ನೇ ನಡೆಸಬಹುದು. 2014ರ ಏಪ್ರಿಲ್‌ನಲ್ಲಿ ಅದಕ್ಕೆ ಬೆಂಬಲ ನಿಂತು ಭದ್ರತೆಯ ತಿದ್ದುಪಡಿಗಳು ಬಾರದಿರುವುದರಿಂದ ಅದರ ಇಂಟರ್ನೆಟ್ ಸಂಪರ್ಕವನ್ನು ಕಡಿದಿಡಬೇಕು. ಅಡೋಬ್ 2004ರಲ್ಲಿ ಅಭಿವೃದ್ಧಿ ನಿಲ್ಲಿಸಿದ, ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನ ಕಡತಗಳನ್ನು ಇಟ್ಟುಕೊಂಡಿರುವ ಕನ್ನಡ ಮುದ್ರಣಾಲಯಗಳಿಗೆ ಇದು ಉಪಯುಕ್ತ. ಆದರೆ ಪುಟ ತೆರೆದುಕೊಂಡ ಮಾತ್ರಕ್ಕೆ ಪಠ್ಯ ಕೈಗೆ ಬರುವುದಿಲ್ಲ. ಪ್ರತಿ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್‌ಗಿಂತ ಹಿಂದಿನ ‘ನುಡಿ’, ‘ಬರಹ’ ಫಾಂಟುಗಳು ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಿದ್ದವು. ನಕಲು ಮಾಡಿ ಹೊಸ ಕಡತಕ್ಕೆ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಪರಿವರ್ತಕಗಳು ಲಭ್ಯವಿವೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಅದರ ರಕಾರ ಮೊದಲು ಬರಬೇಕು. ಆದ್ದರಿಂದ ಪರಿವರ್ತಿಸಿದ ಪಠ್ಯದಲ್ಲಿ ‘ಧರ್ಮ’, ‘ಕಾರ್ಯ’ದಂಥ ಪದಗಳನ್ನು ಮೊದಲು ಹುಡುಕಿ ನೋಡಿ.