ಏಡಿಯ ಅಪಾಯ ಅಳೆಯೋಕೆ ಮೊದಲು ಅಳಿವೆ ನೋಡಿ

ನಮಸ್ಕಾರ. ನಿಮ್ಮಲ್ಲಿ ತುಂಬಾ ಜನ ಕೇಳಿದ ಪ್ರಶ್ನೆ ಇದು: ಹೊರದೇಶದ ಪ್ರಾಣಿಯೊಂದು ನದಿಗೆ ಬಂದರೆ, ಅದು ಹಾವಳಿ ಮಾಡುತ್ತದೋ ಇಲ್ಲವೋ ಅಂತ ಮೊದಲೇ ಹೇಗೆ ಹೇಳುತ್ತಾರೆ? ಇವತ್ತು ಒಂದೇ ಏಡಿ ಹಿಡಿದು ಇದನ್ನು ನೋಡೋಣ. ಚೀನಾದ ಮಿಟನ್ ಏಡಿ.

ಪರಿಚಯ ಬೇಗ ಮುಗಿಸುತ್ತೇನೆ. ಮುಂಗಾಲಿನ ಇಕ್ಕಳಗಳ ಮೇಲೆ ದಟ್ಟ ಕಂದು ರೋಮ, ಎಂಟು ಸೆಂಟಿಮೀಟರ್‌ವರೆಗೆ ಅಗಲದ ಚಿಪ್ಪು. ಯುರೋಪಿನಲ್ಲಿ ಮೊದಲು ಸಿಕ್ಕಿದ್ದು 1912ರಲ್ಲಿ, ಜರ್ಮನಿಯ ಆಲರ್ ನದಿಯಲ್ಲಿ. ಹಡಗುಗಳು ಸಮತೋಲನಕ್ಕೆ ತುಂಬಿಕೊಳ್ಳುವ ಬ್ಯಾಲಸ್ಟ್ ನೀರಿನ ಜೊತೆ ಬಂದಿರಬೇಕು. 1935ರ ಹೊತ್ತಿಗೆ ಲಂಡನ್ನಿನ ಥೇಮ್ಸ್‌ನಲ್ಲೂ ಕಾಣಿಸಿಕೊಂಡಿತು.

[ಪರದೆಯ ಮೇಲೆ: ನದಿ ಸಮುದ್ರ ಸೇರುವ ಜಾಗದ ಚಿತ್ರ]

ಈಗ ನನಗೆ ತುಂಬಾ ಇಷ್ಟವಾದ ವಿಷಯ. ನಮ್ಮ ಗದ್ದೆಯ ಏಡಿ ಗೊತ್ತಲ್ವಾ? ತಾಯಿ ಮರಿಗಳನ್ನು ಹೊಟ್ಟೆಯಡಿ ಇಟ್ಟುಕೊಂಡೇ ಓಡಾಡುತ್ತದೆ. ಸಿಹಿನೀರಲ್ಲೇ ಹುಟ್ಟು, ಸಿಹಿನೀರಲ್ಲೇ ಬದುಕು. ಮಿಟನ್ ಏಡಿ ಹಾಗಲ್ಲ. ಬೆಳೆಯುವುದು ನದಿಯಲ್ಲಿ, ಮರಿ ಮಾಡೋಕೆ ಮಾತ್ರ ಉಪ್ಪುನೀರು ಬೇಕೇ ಬೇಕು. ಬೆಳೆದ ಏಡಿ ನದಿಗುಂಟ ಕೆಳಗಿಳಿದು ಅಳಿವೆಗೆ, ಅಂದರೆ ನದಿ ಸಮುದ್ರ ಸೇರುವ ಜಾಗಕ್ಕೆ ಬರುತ್ತದೆ. ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ಆಮೇಲೆ ಸಾಯುತ್ತದೆ. ಮೊಟ್ಟೆಯೊಡೆದ ಮರಿಗೆ ಏಡಿಯ ಆಕಾರವೇ ಇರುವುದಿಲ್ಲ. ಕಣ್ಣಿಗೆ ಕಾಣೋದೇ ಕಷ್ಟ ಅನ್ನುವಷ್ಟು ಚಿಕ್ಕದು, ನೀರು ಒಯ್ದ ಕಡೆ ಹೋಗುತ್ತದೆ. ಹಲವು ಬಾರಿ ಪೊರೆ ಕಳಚಿ ಏಡಿಯಾಗೋಕೆ ವಾರಗಟ್ಟಲೆ ಬೇಕು.

ಅಷ್ಟು ದಿನ ಅಳಿವೆಯ ನೀರು ಅದನ್ನು ಹಿಡಿದಿಟ್ಟುಕೊಳ್ಳುತ್ತದಾ? ಅಪಾಯದ ಲೆಕ್ಕ ಶುರುವಾಗುವುದೇ ಇಲ್ಲಿಂದ. ಉದ್ದನೆಯ, ನಿಧಾನ ಹರಿವಿನ, ಸ್ವಲ್ಪ ಬೆಚ್ಚಗಿನ ಅಳಿವೆಯಾದರೆ ಮರಿ ಅಲ್ಲೇ ಬೆಳೆದು ನದಿ ಹತ್ತುತ್ತದೆ. ಅಳಿವೆ ಗಿಡ್ಡ, ನೀರು ತಣ್ಣಗೆ, ಹರಿವು ಜೋರು ಅಂದರೆ ಮರಿ ಸಮುದ್ರದ ಪಾಲು. ಅಮೆರಿಕದ ವಾಯವ್ಯ ಕರಾವಳಿಯ ಅಳಿವೆಗಳನ್ನು ಹೀಗೇ ಲೆಕ್ಕ ಹಾಕಿ, ಹೆಚ್ಚಿನ ಕಡೆ ಈ ಏಡಿ ದೊಡ್ಡ ಸಂಖ್ಯೆಯಲ್ಲಿ ನೆಲೆಯೂರುವ ಸಾಧ್ಯತೆ ಕಡಿಮೆ ಅಂದಿದ್ದಾರೆ. 1965ರಲ್ಲಿ ಅಮೆರಿಕ-ಕೆನಡಾ ಗಡಿಯ ಡೆಟ್ರಾಯಿಟ್ ನದಿಯಲ್ಲೂ ಈ ಏಡಿ ಸಿಕ್ಕಿತ್ತು. ಆಮೇಲೆ ಈರಿ ಸರೋವರದಲ್ಲೂ ಆಗಾಗ ಸಿಕ್ಕಿತು. ಆದರೆ ಸಮುದ್ರ ಅಲ್ಲಿಂದ ತುಂಬಾ ದೂರ, ಸಂತತಿ ಬೆಳೆಯಲೇ ಇಲ್ಲ. ಏಡಿ ಸಿಕ್ಕಿತು ಅನ್ನೋದು ಬೇರೆ, ನೆಲೆಯೂರಿತು ಅನ್ನೋದು ಬೇರೆ.

[ಪರದೆಯ ಮೇಲೆ: ಕ್ಯಾಲಿಫೋರ್ನಿಯಾ ನಕ್ಷೆ]

ನೆಲೆಯೂರಿದರೆ ಏನಾಗುತ್ತದೆ? ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಇದು ಮೊದಲು ಸಿಕ್ಕಿದ್ದು 1992ರಲ್ಲಿ. ಕೊಲ್ಲಿಯಿಂದ ನದಿಗುಂಟ ಮೇಲೆ, ಟ್ರೇಸಿ ಅನ್ನುವ ಊರಿನ ಹತ್ತಿರ ಪಂಪುಗಳು ಹೊಲಗಳಿಗೆ ನೀರೆತ್ತುತ್ತವೆ. ಮೀನುಗಳು ಪಂಪಿಗೆ ಸಿಗದಂತೆ ತಡೆದು, ತೊಟ್ಟಿಗಳಲ್ಲಿ ಹಿಡಿದು, ಲಾರಿಯಲ್ಲಿ ಒಯ್ದು ಬೇರೆ ಕಡೆ ಬಿಡುವ ಕೇಂದ್ರ ಅಲ್ಲಿದೆ. 1998ರ ಶರತ್ಕಾಲದಲ್ಲಿ ಅಳಿವೆಗೆ ಇಳಿಯುತ್ತಿದ್ದ ಏಡಿಗಳು ಆ ತೊಟ್ಟಿಗಳಿಗೇ ನುಗ್ಗಿದವು. ಕೆಲವು ದಿನ 20,000ಕ್ಕೂ ಜಾಸ್ತಿ! ಉಳಿಸೋಕೆ ಹಿಡಿದ ಮೀನುಗಳು ಏಡಿಗಳ ನಡುವೆ ಸಿಕ್ಕಿ ಸತ್ತವು. ಕೆಲವೇ ವರ್ಷಗಳಲ್ಲಿ ಅಲ್ಲಿ ಏಡಿಗಳ ಸಂಖ್ಯೆ ತಾನಾಗಿಯೇ ಕುಸಿಯಿತು. ಹಾಗಂತ ಅಪಾಯವೇ ಇರಲಿಲ್ಲ ಅನ್ನೋಕೆ ಆಗುತ್ತದಾ? ನನ್ನ ಪ್ರಕಾರ ಖಂಡಿತ ಇಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ದಡದ ಮೆತ್ತನೆ ಮಣ್ಣಲ್ಲಿ ಬಿಲ ಕೊರೆಯುತ್ತವೆ, ದಡ ಕುಸಿಯುತ್ತದೆ. ಗಿಡ, ಹುಳು, ಮೀನಿನ ಮೊಟ್ಟೆ, ಏನು ಸಿಕ್ಕರೂ ತಿನ್ನುತ್ತವೆ. ಅಡ್ಡಗಟ್ಟೆ ಬಂದರೆ ನೆಲದ ಮೇಲೆ ನಡೆದು ದಾಟುತ್ತವೆ. ಬೆಲ್ಜಿಯಂನಲ್ಲಿ ಏಡಿ ನದಿತಳದಲ್ಲಿ ನಡೆಯುವುದನ್ನೇ ಬಳಸಿ, ತಳದಲ್ಲಿ ಅಡ್ಡಲಾಗಿ ಅವು ಬಂದು ಬೀಳುವಂಥ ಕಾಲುವೆ ಇಟ್ಟು ಹಿಡಿಯುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ಅದು ಏಡಿ ಬಂದು ನೆಲೆಯೂರಿದ ಮೇಲಿನ ಮಾತು.

ಬರುವ ದಾರಿ ಬ್ಯಾಲಸ್ಟ್ ನೀರು ಒಂದೇ ಅಲ್ಲ. ಚೀನಾದಲ್ಲಿ ಇದು ದುಬಾರಿ ತಿನಿಸು, ಜೀವಂತ ಏಡಿಗೆ ಒಳ್ಳೆ ಬೆಲೆ. ಅಮೆರಿಕ ಇದರ ಆಮದನ್ನು ನಿಷೇಧಿಸಿದ್ದು 1989ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಏಡಿ ಸಿಕ್ಕಿದ್ದು ಅದಾಗಿ ಮೂರೇ ವರ್ಷಕ್ಕೆ.