ಎಡಮುರಿಯ ಡಿಎನ್‌ಎ: ಅಲೆಕ್ಸಾಂಡರ್ ರಿಚ್ ಕಂಡ ಇನ್ನೊಂದು ರೂಪ

[ದೃಶ್ಯ: ದಾವಣಗೆರೆಯ ಕಾಲೇಜೊಂದರ ಪ್ರಯೋಗಾಲಯ. ಮೇಜಿನ ಮೇಲೆ ಡಿಎನ್‌ಎ ಮಾದರಿ.]

ನಿರೂಪಕಿ: ನಮಸ್ಕಾರ. ಡಿಎನ್‌ಎಯ ಜೋಡಿಸುರುಳಿ ಯಾವ ಕಡೆಗೆ ತಿರುಚಿಕೊಂಡಿದೆ ಎಂದು ತಿಳಿಯಲು ಮಾದರಿಯನ್ನು ನೆಟ್ಟಗೆ ನಿಲ್ಲಿಸಿ, ನಮ್ಮ ಎದುರಿಗಿರುವ ಎಳೆಯನ್ನಷ್ಟೇ ಗಮನಿಸಿದರೆ ಸಾಕು. ಅದು ಎಡದಿಂದ ಬಲಕ್ಕೆ ಮೇಲೇರಿದರೆ ಬಲಮುರಿ, ಬಲದಿಂದ ಎಡಕ್ಕೆ ಮೇಲೇರಿದರೆ ಎಡಮುರಿ. ಮಾದರಿಯನ್ನು ತಲೆಕೆಳಗು ಮಾಡಿದರೂ ಇದು ಬದಲಾಗುವುದಿಲ್ಲ. ಪಠ್ಯಪುಸ್ತಕದ ಡಿಎನ್‌ಎ ಬಲಮುರಿ. ಜಾಹೀರಾತುಗಳಲ್ಲಿ ಚಿತ್ರಕಾರರು ಅರಿಯದೆ ಎಡಮುರಿಯಾಗಿ ಬರೆದಿರುವುದೂ ಬೇಕಾದಷ್ಟಿದೆ, ಆ ಮಾತು ಬೇರೆ. ಆದರೆ ನಿಜವಾಗಿಯೂ ಎಡಮುರಿಯಾಗುವ ಡಿಎನ್‌ಎ ಇದೆಯೇ, ಇದ್ದರೆ ವಂಶವಾಹಿಗಳ ನಿಯಂತ್ರಣದಲ್ಲಿ ಅದರ ಪಾತ್ರವೇನು ಎಂಬುದನ್ನು ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣದಲ್ಲಿ ಮತ್ತು ಚಿತ್ರದುರ್ಗದ ಪದವಿ ಕಾಲೇಜುಗಳಲ್ಲಿ ಜೀವವಿಜ್ಞಾನ ಓದುತ್ತಿರುವವರಿಗಾಗಿ ಈ ವಿಡಿಯೋದಲ್ಲಿ ವಿವರಿಸುತ್ತೇವೆ.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಮಂಡಿಸಿದ ಮಾದರಿಗೆ ಡಿಎನ್‌ಎ ನಾರುಗಳ ಕ್ಷ-ಕಿರಣ ಚಿತ್ರಗಳು ಆಧಾರವಾಗಿದ್ದವು. ಅಂಥ ಚಿತ್ರದಲ್ಲಿ ಸಿಗುವುದು ಅಸಂಖ್ಯ ಅಣುಗಳ ಸರಾಸರಿ ರೂಪ. ಒಂದೊಂದು ಪರಮಾಣುವೂ ಎಲ್ಲಿದೆ ಎಂದು ಕಾಣಬೇಕಾದರೆ ಹರಳು ಬೇಕು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಅಲೆಕ್ಸಾಂಡರ್ ರಿಚ್, ಆಂಡ್ರ್ಯೂ ವಾಂಗ್ ಮತ್ತು ಸಂಗಡಿಗರು, ಸೈಟೋಸಿನ್ ಮತ್ತು ಗ್ವಾನಿನ್ ಒಂದಾದ ಮೇಲೊಂದರಂತೆ ಬರುವ 6 ಜೋಡಿ ಪ್ರತ್ಯಾಮ್ಲಗಳ ತುಣುಕೊಂದನ್ನು ಹರಳುಗಟ್ಟಿಸಿ, 1979ರ ಡಿಸೆಂಬರ್‌ನಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಹಳೆಯ ಮಾದರಿಗೆ ಪರಮಾಣು ಮಟ್ಟದ ಪುರಾವೆ ಸಿಗುತ್ತದೆಂದು ಕಾದಿದ್ದವರ ಮುಂದೆ ಬಂದದ್ದು ಎಡಮುರಿಯ ಸುರುಳಿ.

[ದೃಶ್ಯ: ಎರಡೂ ಸುರುಳಿಗಳು ಅಕ್ಕಪಕ್ಕ ತಿರುಗುತ್ತವೆ.]

ಇದರಲ್ಲಿಯೂ ಪ್ರತ್ಯಾಮ್ಲಗಳ ಜೋಡಣೆ ವಾಟ್ಸನ್ ಮತ್ತು ಕ್ರಿಕ್ ಹೇಳಿದಂತೆಯೇ ಇದೆ. ಆದರೆ ಗ್ವಾನಿನ್ ತನ್ನ ಸಕ್ಕರೆಯ ಮೇಲೆ ಮಗುಚಿ ಕುಳಿತಿರುವುದರಿಂದ ಫಾಸ್ಫೇಟುಗಳ ಬೆನ್ನೆಲುಬು ಅಂಕುಡೊಂಕಾಗುತ್ತದೆ, ಇಂಗ್ಲಿಷಿನಲ್ಲಿ ಹೇಳುವುದಾದರೆ ಝಿಗ್‌ಝಾಗ್. ಝಡ್-ಡಿಎನ್‌ಎ ಎಂಬ ಹೆಸರು ಬಂದದ್ದು ಹೀಗೆ. ಬಲಮುರಿಯ ಬಿ-ಡಿಎನ್‌ಎಯ ಒಂದು ಸುತ್ತಿನಲ್ಲಿ ಸುಮಾರು 10.5 ಜೋಡಿಗಳಿದ್ದರೆ ಇದರ ಒಂದು ಸುತ್ತಿನಲ್ಲಿ 12 ಜೋಡಿಗಳಿವೆ. ಪ್ರೋಟೀನ್ ಡೇಟಾ ಬ್ಯಾಂಕ್ ಜಾಲತಾಣದಲ್ಲಿ 2ಡಿಸಿಜಿ ಮತ್ತು 1ಬಿಎನ್‌ಎ ಎಂಬ ಸಂಕೇತಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ, ಈ ಎರಡು ರಚನೆಗಳನ್ನು ನಿಮ್ಮ ಮೊಬೈಲಿನಲ್ಲೇ ಉಚಿತವಾಗಿ ತಿರುಗಿಸಿ ನೋಡಬಹುದು.

ಸುಳಿವುಗಳು ಮೊದಲೇ ಇದ್ದವು. ಇಂಥದೇ ಅನುಕ್ರಮದ ಡಿಎನ್‌ಎಗೆ ಉಪ್ಪಿನ ಪ್ರಮಾಣ ಬಹಳ ಹೆಚ್ಚಿಸಿದಾಗ ಅದರ ಬೆಳಕಿನ ಸಂಕೇತ ತಿರುಗಾಮುರುಗಾ ಆಗುವುದನ್ನು ಪೋಲ್ ಮತ್ತು ಜೋವಿನ್ 1972ರಲ್ಲೇ ವರದಿ ಮಾಡಿದ್ದರು. ಈಗ ಚಳ್ಳಕೆರೆಯ ಕುದಾಪುರದಲ್ಲೂ ಆವರಣ ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ವಿ. ಶಶಿಶೇಖರನ್ ಮತ್ತು ಸಂಗಡಿಗರು, ಬಲಮುರಿ ಮತ್ತು ಎಡಮುರಿ ತುಣುಕುಗಳು ಸರದಿಯಂತೆ ಬರುವ ಮಾದರಿಯೊಂದನ್ನು 1970ರ ದಶಕದಲ್ಲಿ ಮಂಡಿಸಿದ್ದರು. ಆ ಮಾದರಿ ಉಳಿಯಲಿಲ್ಲ. ಆದರೆ ಎಡಮುರಿಯೂ ಸಾಧ್ಯವೆಂದು ಹರಳಿಗಿಂತ ಮೊದಲೇ ಗಟ್ಟಿಯಾಗಿ ವಾದಿಸಿದ ಕೆಲವರಲ್ಲಿ ನಮ್ಮ ರಾಜ್ಯದ ಪ್ರಯೋಗಾಲಯವೂ ಒಂದೆಂಬುದನ್ನು ತರಗತಿಗಳಲ್ಲಿ ಹೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಜೀವಕೋಶದೊಳಗೂ ಎಡಮುರಿ ಇರಬಹುದೇ ಎಂದು ರಿಚ್ ಅವರ ಫಲಿತಾಂಶವನ್ನು ಅನುಮಾನಿಸಿದವರು ತಪ್ಪು ಮಾಡಲಿಲ್ಲ. ಝಡ್ ರೂಪದಲ್ಲಿ ಋಣ ವಿದ್ಯುದಂಶದ ಫಾಸ್ಫೇಟುಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಅವುಗಳ ವಿಕರ್ಷಣೆಯನ್ನು ತಣಿಸಲು ಬೇಕಾಗುವಷ್ಟು ಉಪ್ಪು ಜೀವಕೋಶದಲ್ಲಿ ಇರುವುದಿಲ್ಲ. ಹಾಗಾದರೆ ಆ ಶಕ್ತಿ ಎಲ್ಲಿಂದ ಬರಬೇಕು? ಉತ್ತರ ದೊರೆತದ್ದು ವಂಶವಾಹಿಯನ್ನು ಓದುವ ಕ್ರಿಯೆಯಲ್ಲಿ. ಹೊಸದುರ್ಗದ ಕಡೆಯ ತೆಂಗಿನ ನಾರಿನ ಎರಡೆಳೆಯ ಹಗ್ಗವೊಂದರ ಎರಡೂ ತುದಿಗಳನ್ನು ಬಿಗಿಯಾಗಿ ಕಟ್ಟಿ, ಎಳೆಗಳ ನಡುವೆ ಕಡ್ಡಿ ತೂರಿಸಿ ಮುಂದಕ್ಕೆ ತಳ್ಳಿದರೆ, ಕಡ್ಡಿಯ ಮುಂದೆ ಹುರಿ ಬಿಗಿಯಾಗುತ್ತದೆ, ಹಿಂದೆ ಸಡಿಲವಾಗುತ್ತದೆ. ವಂಶವಾಹಿಯನ್ನು ಓದಿ ಆರ್‌ಎನ್‌ಎ ನಕಲು ಮಾಡುವ ಆರ್‌ಎನ್‌ಎ ಪಾಲಿಮರೇಸ್ ಕಿಣ್ವ ಡಿಎನ್‌ಎಯ ಮೇಲೆ ಸಾಗುವಾಗ ನಡೆಯುವುದೂ ಇದೇ ಎಂದು ಲಿಯು ಮತ್ತು ಜೇಮ್ಸ್ ವಾಂಗ್ 1987ರಲ್ಲಿ ವಿವರಿಸಿದರು. ಕಿಣ್ವದ ಹಿಂದೆ ಉಳಿಯುವ ಸಡಿಲ ಹುರಿಯ ಒತ್ತಡವೇ ತಕ್ಕ ಅನುಕ್ರಮವಿರುವ ತುಣುಕನ್ನು ಎಡಮುರಿಯಾಗಿಸಬಲ್ಲದು. ಒತ್ತಡ ಇಳಿದಾಗ ಅದು ಮರಳಿ ಬಲಮುರಿಯಾಗುತ್ತದೆ.

ಹಾಗಾಗಿ ಝಡ್ ರೂಪವು ಓದಲ್ಪಡುತ್ತಿರುವ ವಂಶವಾಹಿಯ ಗುರುತಾಗುತ್ತದೆ. ಮಾನವನ ಸಿ-ಮಿಕ್ ವಂಶವಾಹಿಯ ಆರ್‌ಎನ್‌ಎ ನಕಲು ನಡೆಯುತ್ತಿರುವಾಗ ಅದರ ಮೂರು ಜಾಗಗಳಲ್ಲಿ ಝಡ್-ಡಿಎನ್‌ಎ ಕಾಣಿಸಿಕೊಳ್ಳುತ್ತದೆ ಎಂದು ರಿಚ್ ತಂಡ 1992ರಲ್ಲಿ ತೋರಿಸಿತು. ಅದು ಬರೀ ಗುರುತೂ ಅಲ್ಲ. ಸಿಎಸ್‌ಎಫ್1 ವಂಶವಾಹಿಯ ಪ್ರೊಮೋಟರಿನಲ್ಲಿ, ಅಂದರೆ ಓದುವಿಕೆ ಶುರುವಾಗುವ ಭಾಗದಲ್ಲಿ, ಬಿಎಎಫ್ ಎಂಬ ಪ್ರೋಟೀನ್ ಸಮೂಹದ ನೆರವಿನಿಂದ ಒಂದು ತುಣುಕು ಎಡಮುರಿಯಾಗುತ್ತದೆ ಮತ್ತು ಆ ಬದಲಾವಣೆಯು ಪ್ರೊಮೋಟರನ್ನು ತೆರೆದಿಡಲು ನೆರವಾಗುತ್ತದೆ ಎಂದು 2001ರ ಸಂಶೋಧನೆಯೊಂದು ಕಂಡುಕೊಂಡಿತು. ಇಲ್ಲಿ ಅಕ್ಷರಗಳು ಬದಲಾಗುವುದಿಲ್ಲ. ಸುರುಳಿಯ ಆಕಾರವಷ್ಟೇ ಬದಲಾಗಿ ವಂಶವಾಹಿಯ ಚಟುವಟಿಕೆ ಏರುತ್ತದೆ.

[ದೃಶ್ಯ: ಸುರುಳಿಯನ್ನು ಹಿಡಿದುಕೊಂಡ ಪ್ರೋಟೀನ್‌ನ ರೇಖಾಚಿತ್ರ.]

ಅನುಮಾನಗಳನ್ನು ಬಹುಮಟ್ಟಿಗೆ ನೀಗಿಸಿದ್ದು ಮಾತ್ರ ಪ್ರೋಟೀನ್. ರಿಚ್ ಮತ್ತು ಅಲನ್ ಹರ್ಬರ್ಟ್ ಅವರು ಝಡ್ ರೂಪವನ್ನೇ ಆರಿಸಿ ಹಿಡಿಯುವ ಪ್ರೋಟೀನನ್ನು ಹುಡುಕುತ್ತ ಎಡಿಎಆರ್1 ಎಂಬ ಕಿಣ್ವವನ್ನು ತಲುಪಿದರು. ಅದರ ಝಡ್-ಆಲ್ಫಾ ಭಾಗವು ಎಡಮುರಿಯ ಡಿಎನ್‌ಎಯನ್ನು ಹಿಡಿದುಕೊಂಡಿರುವ ಹರಳಿನ ರಚನೆ 1999ರಲ್ಲಿ ಪ್ರಕಟವಾಯಿತು. ಈ ಭಾಗ ಎಡಮುರಿಯ ಆರ್‌ಎನ್‌ಎಯನ್ನೂ ಹಿಡಿಯಬಲ್ಲದು. ಎಡಿಎಆರ್1 ಜೋಡಿಯೆಳೆಯ ಆರ್‌ಎನ್‌ಎಯಲ್ಲಿ ಅಡೆನೋಸಿನ್ ಅನ್ನು ಇನೋಸಿನ್ ಆಗಿ ತಿದ್ದುತ್ತದೆ. ಹಾಗೆ ತಿದ್ದದಿದ್ದರೆ ನಮ್ಮದೇ ಆರ್‌ಎನ್‌ಎಯನ್ನು ದೇಹದ ರಕ್ಷಣಾ ವ್ಯವಸ್ಥೆ ವೈರಸ್ಸಿನದೆಂದು ತಿಳಿದು ಕೆರಳುತ್ತದೆ. ಈ ಕಿಣ್ವದ ವಂಶವಾಹಿಯಲ್ಲಿನ ದೋಷಗಳು ಐಕಾರ್ಡಿ-ಗುಟಿಯೆರ್ ಎಂಬ ಮಕ್ಕಳ ಮಿದುಳಿನ ಕಾಯಿಲೆಗೆ ಕಾರಣವಾಗುತ್ತವೆ ಎಂದು 2012ರಲ್ಲಿ ಗೊತ್ತಾಯಿತು, ಅವುಗಳಲ್ಲಿ ಒಂದು ಇರುವುದು ಝಡ್-ಆಲ್ಫಾ ಭಾಗದಲ್ಲೇ. ವ್ಯಾಕ್ಸಿನಿಯಾ ವೈರಸ್ಸಿನ ಇ3ಎಲ್ ಪ್ರೋಟೀನಿನಲ್ಲಿಯೂ ಇಂಥ ಭಾಗವಿದೆ.

ರಿಚ್ 2015ರಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ಝಡ್ ರೂಪವನ್ನು ಗುರುತಿಸಿದೊಡನೆ ಜೀವಕೋಶವನ್ನು ಸಾವಿನತ್ತ ದೂಡಬಲ್ಲ ಝಡ್‌ಬಿಪಿ1 ಪ್ರೋಟೀನನ್ನು ಎಡಿಎಆರ್1 ತಡೆದಿಟ್ಟಿರುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಜೀವಕೋಶಗಳಲ್ಲಿ ಝಡ್-ಡಿಎನ್‌ಎ ಉಂಟುಮಾಡುವ ಸಣ್ಣ ಅಣುವೊಂದನ್ನು ಬಳಸಿ ಆ ತಡೆಯನ್ನು ದಾಟಿದಾಗ, ಇಲಿಗಳಲ್ಲಿನ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಗಡ್ಡೆಗಳು ಪ್ರತಿರಕ್ಷಣಾ ಚಿಕಿತ್ಸೆಗೆ ಹೆಚ್ಚು ಸ್ಪಂದಿಸಿದವು ಎಂದು 2022ರಲ್ಲಿ ವರದಿಯಾಗಿದೆ. ಇದು ಇಲಿಗಳ ಮೇಲಿನ ಫಲಿತಾಂಶವೇ ಹೊರತು ಸಿದ್ಧ ಔಷಧವಲ್ಲ.