ಮೈಯೆಲ್ಲ ನೋವಾದಾಗ ಊಟದಲ್ಲಿ ಏನು ಬದಲಿಸಬೇಕು?

ಕೇಳುಗರಿಗೆ ನಮಸ್ಕಾರ.

ಕುತ್ತಿಗೆ, ಬೆನ್ನು, ಸೊಂಟ, ತೊಡೆ, ಎಲ್ಲಾ ಕಡೆ ನೋವು. ಎಂಟು ಗಂಟೆ ಮಲಗಿ ಎದ್ದರೂ ಮಲಗಿಯೇ ಇಲ್ಲವೇನೋ ಎನ್ನುವಷ್ಟು ಸುಸ್ತು. ಪರೀಕ್ಷೆ ಮಾಡಿಸಿದರೆ ರಿಪೋರ್ಟ್ ನಾರ್ಮಲ್. ಆಮೇಲೆ ಮನೆಯಲ್ಲಿ ಏನು ಹೇಳ್ತಾರೆ? "ಅವಳಿಗೆ ಏನೂ ಇಲ್ಲ, ಸುಮ್ನೆ ನೋವು ಅಂತಾಳೆ." ಇದು ಫೈಬ್ರೊಮಯಾಲ್ಜಿಯಾ ಆಗಿರಬಹುದು. ಹೆಂಗಸರಲ್ಲೇ ಜಾಸ್ತಿ. ಇಲ್ಲಿ ಗಂಟುಗಳು ಸವೆದಿರುವುದಿಲ್ಲ, ಬಾವು ಇರುವುದಿಲ್ಲ. ಮಿದುಳು ಮತ್ತು ನರಗಳು ನೋವನ್ನು ಗ್ರಹಿಸುವ ರೀತಿಯೇ ತೀಕ್ಷ್ಣವಾಗಿರುತ್ತದೆ. ನೋವು ನಿಜವಾದದ್ದೇ.

1990ರಲ್ಲಿ ಅಮೆರಿಕದ ತಜ್ಞರು ಇದನ್ನು ಗುರುತಿಸಲು ಒಂದು ಕ್ರಮ ಹೇಳಿದ್ದರು. ಮೈಮೇಲೆ 18 ಜಾಗ ಒತ್ತಿ ನೋಡುವುದು, 11 ಕಡೆಯಾದರೂ ನೋವಿರಬೇಕು. 2010ರಲ್ಲಿ ಒತ್ತಿ ನೋಡುವುದನ್ನು ಬಿಟ್ಟು ನಿದ್ದೆ, ಸುಸ್ತು, ಮರೆವು ಇವನ್ನೂ ಲೆಕ್ಕಕ್ಕೆ ತಗೊಂಡರು. ನಿದ್ದೆಯ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಊಟದ ವಿಷಯ ಬಂದ ಕೂಡಲೇ ಎಲ್ಲರೂ ಕೇಳುವುದು, "ಏನು ಬಿಡಬೇಕು?" ಬದನೆ ನಂಜು, ಆಲೂಗಡ್ಡೆ ವಾಯು, ಗೋಧಿ ಬೇಡ, ಹಾಲು ಬೇಡ. ಒಬ್ಬೊಬ್ಬರು ಒಂದೊಂದು ಹೇಳಿ ಹೋಗ್ತಾರೆ. ಕೊನೆಗೆ ತಟ್ಟೆಯಲ್ಲಿ ಗಂಜಿ, ಉಪ್ಪಿನಕಾಯಿ ಮಾತ್ರ ಉಳಿಯುತ್ತದೆ. ಈ ನೋವಿಗೆ ಇಂಥದೇ ಪಥ್ಯ ಅಂತ ಸಾಬೀತಾದದ್ದು ಯಾವುದೂ ಇಲ್ಲ. ಹಾಗಾಗಿ ನನ್ನ ಅಭಿಪ್ರಾಯ ಬೇರೆ. ಮೊದಲು ಸೇರಿಸಿ, ಬಿಡುವುದನ್ನು ಆಮೇಲೆ ನೋಡೋಣ.

ಮನೆಯಲ್ಲಿ ಕೂತು ಬೀಡಿ ಕಟ್ಟುವ ಅಕ್ಕಂದಿರನ್ನೇ ನೋಡಿ. ಬೆಳಗ್ಗೆ ಒಂದು ಚಾ, ಹನ್ನೊಂದಕ್ಕೆ ಇನ್ನೊಂದು. ಊಟ ಎಲ್ಲರದ್ದೂ ಆದ ಮೇಲೆ, ಉಳಿದ ಸಾರಿನಲ್ಲಿ. ಇಂಥ ಊಟದಲ್ಲಿ ಕಬ್ಬಿಣ, ಬಿ12, ಡಿ ಜೀವಸತ್ವ ಕಡಿಮೆಯಾಗುವುದು ಆಶ್ಚರ್ಯವಲ್ಲ. ಈ ಕೊರತೆಗಳೂ ಸುಸ್ತು, ಮೈಕೈ ನೋವು ತರುತ್ತವೆ. ಥೈರಾಯ್ಡ್ ತೊಂದರೆಯೂ ಹಾಗೇ. ಆದ್ದರಿಂದ ಇವನ್ನು ಪರೀಕ್ಷೆ ಮಾಡಿಸದೆ ಪಥ್ಯ ಶುರು ಮಾಡಬೇಡಿ.

ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆಗಿಂತ ಒಳ್ಳೆಯದು ಬೇಕಾಗಿಲ್ಲ. ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಇದೆ, ಬಿ12 ಇದೆ, ಡಿ ಇದೆ. ಅಂಜಲ್ ತಂದರೆ ಮಾತ್ರ ಮರ್ಯಾದೆ ಅಂತ ಏನಿಲ್ಲ. ದಿನಾ ಹುರಿಯಬೇಡಿ, ಗಸಿ ಮಾಡಿ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಗ ಒಣಮೀನಿನ ಮೇಲೆ ಕಣ್ಣು ಬೀಳುತ್ತದೆ. ಅದರಲ್ಲಿ ಉಪ್ಪು ಜಾಸ್ತಿ. ಬಿಪಿ ಇದ್ದವರು ಮೊಟ್ಟೆಗೆ ಹೋಗುವುದೇ ಲೇಸು. ಮೀನು, ಮೊಟ್ಟೆ ಮುಟ್ಟದವರು ಹಾಲು, ಮೊಸರು ಬಿಡಬೇಡಿ. ಸೊಪ್ಪು, ಕಾಳುಗಳಲ್ಲಿ ಬಿ12 ಸಿಗುವುದಿಲ್ಲ. ಹುರುಳಿ ಸಾರು, ಹರಿವೆ ಪಲ್ಯಕ್ಕೆ ಲಿಂಬೆರಸ ಹಿಂಡಿ, ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೇ ಚಾ ಕುಡಿದರೆ ಅದೇ ಕಬ್ಬಿಣ ದಂಡ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಇನ್ನು ಬಿಡುವ ಮಾತು. ಫೈಬ್ರೊಮಯಾಲ್ಜಿಯಾ ಇದ್ದವರಲ್ಲಿ ಬಹಳ ಜನರಿಗೆ ಹೊಟ್ಟೆಯದ್ದೂ ರಗಳೆ ಇರುತ್ತದೆ. ಉಬ್ಬರ, ಒಮ್ಮೆ ಬೇಧಿ, ಒಮ್ಮೆ ಮಲಬದ್ಧತೆ. ಅಂಥವರಿಗೆ ನೀರುಳ್ಳಿ, ಬೆಳ್ಳುಳ್ಳಿ, ಗೋಧಿ, ಗೇರುಬೀಜ, ಕೆಲವು ಕಾಳುಗಳನ್ನು ಕೆಲವು ವಾರ ನಿಲ್ಲಿಸಿ ನೋಡಬಹುದು. ಉಡುಪಿಯವರಿಗೆ ಇದೇನು ಕಷ್ಟ ಹೇಳಿ? ಮಠದ ಅಡುಗೆ ನಡೆಯುವುದೇ ನೀರುಳ್ಳಿ, ಬೆಳ್ಳುಳ್ಳಿ ಇಲ್ಲದೆ. ಇಂಗಿನ ಒಗ್ಗರಣೆ ಇದೆ, ನೀರುದೋಸೆ ಇದೆ. ಆದರೆ ಬಿಟ್ಟದ್ದನ್ನು ಒಂದೊಂದಾಗಿ ವಾಪಸ್ ತಿಂದು ನೋಡಲೇಬೇಕು. ಯಾವುದು ನಿಮಗೆ ಆಗುವುದಿಲ್ಲ ಅಂತ ಗೊತ್ತಾಗುವುದು ಆಗಲೇ. ಇದಕ್ಕೆ ಆಹಾರತಜ್ಞರ ಸಹಾಯ ತೆಗೆದುಕೊಳ್ಳಿ. ಹೊಟ್ಟೆ ಸರಿ ಇದ್ದವರಿಗೆ ಈ ಉಪದ್ರ ಬೇಡವೇ ಬೇಡ.

ನಿದ್ದೆಗೆ ಬರುತ್ತೇನೆ ಎಂದಿದ್ದೆ. ಸಂಜೆ ಆರಕ್ಕೆ ಗಟ್ಟಿ ಕಾಫಿ, ಜೊತೆಗೆ ಗೋಳಿಬಜೆ. ರಾತ್ರಿ ಹತ್ತಕ್ಕೆ ಊಟ. ಹೊಟ್ಟೆ ಭಾರ, ತಲೆ ಎಚ್ಚರ. ನಿದ್ದೆ ಕೆಟ್ಟ ಮರುದಿನ ನೋವು ಏರುತ್ತದೆ, ಇದು ಈ ಕಾಯಿಲೆಯವರಿಗೆಲ್ಲ ಗೊತ್ತಿರುವುದೇ. ಮಧ್ಯಾಹ್ನದ ಮೇಲೆ ಕಾಫಿ, ಚಾ ನಿಲ್ಲಿಸಿ, ಪುನರ್ಪುಳಿ ಶರಬತ್ತು ಕುಡಿಯಿರಿ, ಸಕ್ಕರೆ ಕಡಿಮೆ ಇರಲಿ. ರಾತ್ರಿ ಊಟ ಎಂಟರೊಳಗೆ ಮುಗಿಯಲಿ. ನನ್ನನ್ನು ಕೇಳಿದರೆ, ಎಲ್ಲಾ ಪಥ್ಯಗಳಿಗಿಂತ ಮೊದಲು ಮಾಡಬೇಕಾದ್ದು ಇದು.

ಡಾಕ್ಟರು ನರಗಳ ನೋವು ತಗ್ಗಿಸುವ ಪ್ರಿಗ್ಯಾಬಲಿನ್ ಮಾತ್ರೆ ಕೊಟ್ಟಿದ್ದರೆ ಕೆಲವರಿಗೆ ಹಸಿವು, ತೂಕ ಎರಡೂ ಏರುತ್ತವೆ. ಹಾಗಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅವರಿಗೆ ಹೇಳಿ. ನಡಿಗೆಯನ್ನೂ ಬಿಡಬೇಡಿ. 2016ರಲ್ಲಿ ಯುರೋಪಿನ ತಜ್ಞರು ಈ ನೋವಿಗೆ ಗಟ್ಟಿಯಾಗಿ ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ, ಊಟ ಅದರ ಜೊತೆಗೆ. ಹತ್ತು ನಿಮಿಷದಿಂದ ಶುರು ಮಾಡಿ. ಮಳೆಗಾಲದಲ್ಲಿ ಅಂಗಳಕ್ಕೆ ಇಳಿಯಲಾಗದಿದ್ದರೆ ಜಗಲಿಯಲ್ಲೇ ಆಚೆ ಈಚೆ ನಡೆದರಾಯಿತು.

ನಮಸ್ಕಾರ.